ಬಾಳ್ಳುಪೇಟೆಯಲ್ಲಿ ಬೆವರುತ್ತಿದ್ದ ಗೋಡೆ

ಹಾಸನದಲ್ಲಿ ನಾನಿರುವ ಬಾಡಿಗೆ ಮನೆ ತಮ್ಮ ಮಗಳಿಗೆ ಬೇಕಾಗಿದೆ ಎಂದು ಮಾಲೀಕರು ಹೇಳಿದ್ದರಿಂದ ಹೋದ ತಿಂಗಳು ಬೇರೆ ಮನೆ ಹುಡುಕಬೇಕಾಯಿತು. ಒಂದು ಮನೆ ತೋರಿಸಲು ಬಂದವನು ಹೊಸ ಬಣ್ಣ, ಹೊಸ ನಲ್ಲಿ, ಅಡುಗೆಮನೆಯ ಕಪಾಟು ಎಂದು ಒಂದೊಂದನ್ನೇ ಹೊಗಳುತ್ತಿದ್ದ. ನಾನು ಅದಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಮಲಗುವ ಕೋಣೆಗೆ ಹೋಗಿ, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಡೆಗೆ ಮೂಗು ಹಚ್ಚಿದೆ. ಅವನು ಬಾಗಿಲಲ್ಲೇ ನಿಂತು ನೋಡಿದ. ಹೊಸ ಬಣ್ಣದ ವಾಸನೆಯ ಹಿಂದೆ ಇನ್ನೊಂದು ವಾಸನೆ ಇತ್ತು. ಒದ್ದೆ ಗೋಣಿಚೀಲವನ್ನು ಮಡಚಿಟ್ಟು ಮರೆತ ಹಾಗಿನ, ಗಂಟಲಿಗೆ ತಾಕುವ ವಾಸನೆ. ಬೂಷ್ಟು. ಮಳೆಗಾಲದಲ್ಲಿ ಈ ಗೋಡೆ ಹೇಗಿರುತ್ತದೆ ಎಂದು ಕೇಳಿದೆ. ಸ್ವಲ್ಪ ಶೀತ ಮೇಡಂ, ಅಷ್ಟೇ ಎಂದ. ಮನೆ ಬೇಡವೆಂದು ಹೇಳಿ ಹೊರಗೆ ಬಂದೆ.

ಆದರೆ ಆ ವಾಸನೆ ನನ್ನ ಜೊತೆಯಲ್ಲೇ ಬಂತು. ಬರಬಾರದ ವಾಸನೆಯೇ ಅದು. ಎರಡು ಮೂರು ತಿಂಗಳು ನನ್ನ ಉಸಿರು ಹಿಡಿದು ಆಟ ಆಡಿಸಿದ್ದು. ಆದರೂ ಬಸ್ಸಿಗೆ ಕಾಯುತ್ತ ನಿಂತವಳಿಗೆ ಸಿಟ್ಟಿನ ಬದಲು ನಗು ಬರುತ್ತಿತ್ತು. ಅದರ ಬೆನ್ನಿಗೇ ಬಾಳ್ಳುಪೇಟೆಯ ಒಂದು ಮಳೆಗಾಲ ಬಂದಿತ್ತು. ಗಿರಿಜಮ್ಮ ಬಂದಿದ್ದರು. ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಎದುರಾಳಿಯನ್ನು ಅಳೆಯುವವನ ಹಾಗೆ ಗೋಡೆಯ ಮುಂದೆ ನಿಂತ ನನ್ನ ಅಪ್ಪ ಬಂದಿದ್ದ.

ನಾನು ಪಶು ಇಲಾಖೆಯಲ್ಲಿ ಪರೀಕ್ಷಕಿ. ದನಗಳಿಗೆ ಚುಚ್ಚುಮದ್ದು ಹಾಕುವುದು, ಕರುಗಳ ಹೊಟ್ಟೆಹುಳಕ್ಕೆ ಔಷಧಿ ಕೊಡುವುದು, ಕಷ್ಟದ ಹೆರಿಗೆಯಿದ್ದರೆ ಡಾಕ್ಟರು ಬರುವ ತನಕ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಕೆಲವು ವರ್ಷ ನಮ್ಮ ಚಳ್ಳಕೆರೆ ಕಡೆಯೇ ಇದ್ದೆ. ಅವ್ವ ತೀರಿಕೊಂಡ ವರ್ಷ ಬೇಸಿಗೆಯಲ್ಲಿ ಬೆಳಗೋಡು ಕಡೆಗೆ ವರ್ಗವಾಯಿತು. ಬೇರೆ ಹೊತ್ತಿನಲ್ಲಾಗಿದ್ದರೆ ಒಬ್ಬಳೇ ಬರುತ್ತಿದ್ದೆನೇನೋ. ಆದರೆ ಅಪ್ಪನನ್ನು ಬಿಟ್ಟು ಬರುವ ಹಾಗಿರಲಿಲ್ಲ.

ಅಪ್ಪ ಬಯಲುಸೀಮೆಯ ಹಳ್ಳಿಗಳಲ್ಲಿ ಸೈಕಲ್ ತುಳಿದು ಅಂಚೆ ಹಂಚಿ ನಿವೃತ್ತನಾದವನು. ಬಿಸಿಲಿಗೆ ಸುಟ್ಟು ಗಟ್ಟಿಯಾದ ಮೈ, ಮನೆಮನೆಯ ಬಾಗಿಲಲ್ಲಿ ನಿಂತು ಮಾತಾಡಿ ಸಲೀಸಾದ ಬಾಯಿ. ಅವ್ವ ಹೋದ ಮೇಲೆ ಆ ಬಾಯಿ ಮುಚ್ಚಿಹೋಗಿತ್ತು. ಅಳಲಿಲ್ಲ, ಯಾರ ಮೇಲೂ ರೇಗಲಿಲ್ಲ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕೂತರೆ ಬಿಸಿಲು ಕಾಲಿಗೆ ಬಂದಾಗ ಒಳಕ್ಕೆ ಬರುತ್ತಿದ್ದ, ಅಷ್ಟೇ ಅವನ ಓಡಾಟ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ, ಇಡದಿದ್ದರೆ ಕೇಳುತ್ತಿರಲಿಲ್ಲ. ಅವ್ವನ ಹೆಸರನ್ನಂತೂ ಬಾಯಲ್ಲಿ ತರುತ್ತಿರಲಿಲ್ಲ. ನನ್ನ ಜೊತೆ ಬಾ ಎಂದಾಗ ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಲಗೇಜಿನ ಹಾಗೆ ಬಂದ.

ಬೆಳಗೋಡಿಗೆ ಹತ್ತಿರದ ಬಾಳ್ಳುಪೇಟೆಯಲ್ಲಿ ಹೆದ್ದಾರಿಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಗಿರಿಜಮ್ಮನ ದಿನಸಿ ಅಂಗಡಿ. ಅಂಗಡಿಯ ಹಿಂದೆ ಅವರ ಮನೆ, ಅದಕ್ಕೆ ಅಂಟಿಕೊಂಡು ಪಕ್ಕದಲ್ಲೇ ನಮ್ಮದು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಬದಿಗೆ ಅಡುಗೆಮನೆ. ನಾನು ನೋಡಿದ್ದು ಏಪ್ರಿಲ್ ತಿಂಗಳಲ್ಲಿ. ಗೋಡೆಗಳಿಗೆ ಎಳೆಹಸಿರು ಎಣ್ಣೆಬಣ್ಣ ಹೊಡೆಸಿದ್ದರು, ಮುಖ ಕಾಣುವಷ್ಟು ಮಿರುಗುತ್ತಿತ್ತು. ಗಿರಿಜಮ್ಮ ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದರು. ಕೊರಳಲ್ಲಿ ಲಿಂಗದ ಕರಡಿಗೆ, ಸೊಂಟದಲ್ಲಿ ಬೀಗದ ಕೈಗೊಂಚಲು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬೀದಿಯ ಅರ್ಧ ಸಂಸಾರ ಅವರೇ ನಡೆಸುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ನನ್ನನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು.

ಆ ಮನೆಗೆ ಬಂದ ಬಾಡಿಗೆದಾರರು ಯಾರೂ ಎರಡನೆಯ ಮಳೆಗಾಲ ಕಂಡಿರಲಿಲ್ಲವೆಂದು ನಮಗೆ ಗೊತ್ತಾಗಿದ್ದು ಆಮೇಲೆ. ಹಾಲಿನ ಡೈರಿಯ ಮುಂದೆ ಯಾರೋ ಹೇಳಿದರು. ಆ ಮನೆ ಯಾರಿಗೂ ಆಗಿಬರುವುದಿಲ್ಲ, ಬಂದವರಿಗೆ ಕಾಯಿಲೆ ಹಿಡಿಯುತ್ತದೆ, ಗಿರಿಜಮ್ಮ ಅಯ್ಯನೋರನ್ನು ಕರೆಸಿ ಪೂಜೆ ಮಾಡಿಸಿದರೂ ಸರಿಹೋಗಲಿಲ್ಲ ಎಂದು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಮಳೆ ಹಿಡಿದು ವಾರ ಕಳೆದಿರಬೇಕು. ಹಿಂದಿನ ಕೋಣೆಯಲ್ಲಿ ನನ್ನ ಮಂಚದ ತಲೆಯ ಕಡೆ ಗೋಡೆಯ ಮೇಲೆ ಕರಿ ಚುಕ್ಕೆಗಳು ಕಂಡವು. ಸಾಸಿವೆ ಚೆಲ್ಲಿದ ಹಾಗೆ. ಬಟ್ಟೆಯಲ್ಲಿ ಒರೆಸಿದೆ, ಹೋದವು. ಮಾರನೆಯ ವಾರ ಅದೇ ಜಾಗದಲ್ಲಿ ಅಂಗೈ ಅಗಲ. ಅದಾದ ಮೇಲೆ ಎಣ್ಣೆಬಣ್ಣ ಅಲ್ಲಲ್ಲಿ ಉಬ್ಬಿ, ದೋಸೆಯ ಮೇಲಿನ ಗುಳ್ಳೆಯ ಹಾಗೆ ಎದ್ದು, ಒಡೆದರೆ ಒಳಗಿಂದ ನೀರು ಜಿನುಗುತ್ತಿತ್ತು. ಬೂಷ್ಟು ಗೋಡೆ ಬಿಟ್ಟು ಮಂಚದ ಕಾಲಿಗೆ ಇಳಿಯಿತು. ನನ್ನ ಚಪ್ಪಲಿಗೆ, ಬೆಲ್ಟಿಗೆ, ಗೂಟಕ್ಕೆ ನೇತುಹಾಕಿದ ಬ್ಯಾಗಿಗೆ ಬೂದು ಬಣ್ಣದ ನವಿರು ರೋಮ ಬಂತು. ಬೆಳಿಗ್ಗೆ ಹಾಕಿಕೊಳ್ಳಲು ತೆಗೆದ ಬಟ್ಟೆಯಲ್ಲೆಲ್ಲ ಅದೇ ವಾಸನೆ.

ಗಿರಿಜಮ್ಮನಿಗೆ ಹೇಳಿದಾಗ ಅವರು ತಕ್ಕಡಿಯಿಂದ ತಲೆಯೆತ್ತದೆ, ಮಳೆಗಾಲದಲ್ಲಿ ಎಲ್ಲರ ಮನೆಯಲ್ಲೂ ವಸಿ ಥಂಡಿ ಇದ್ದೇ ಇರುತ್ತದೆ ಎಂದರು. ಅವರ ದನಿ ಗಡುಸಾಗಿತ್ತು. ಮನೆಯ ಮೇಲೆ ಇನ್ನೊಂದು ದೂರು ಬಂತು ಎಂದು ಅವರಿಗೆ ನೋವಾಗಿದ್ದು ನನಗೆ ಆಗ ತಿಳಿಯಲಿಲ್ಲ.

ಗೋಡೆಯನ್ನು ಮೊದಲು ಗಮನಿಸಿದ್ದು ನಾನಾದರೂ ಅದನ್ನು ಕೈಗೆ ತೆಗೆದುಕೊಂಡವನು ಅಪ್ಪ. ಒಂದು ಸಂಜೆ ನಾನು ಕೆಲಸದಿಂದ ಬಂದು ರೇನ್‌ಕೋಟು ಬಿಚ್ಚುವಷ್ಟರಲ್ಲಿ ಅವನು ಹಿಂದಿನ ಕೋಣೆಯಿಂದ ಹೊರಗೆ ಬಂದು, ತಾನಾಗಿಯೇ ಒಂದು ಮಾತಾಡಿದ.

"ಆ ಗ್ವಾಡೆ ಬೆವರ್ತೈತೆ ಕಣವ್ವ."

ತಿಂಗಳುಗಳ ನಂತರ ಅವನು ಕೇಳದೆ ಆಡಿದ ಮೊದಲ ಮಾತು ಅದು. ನನಗೆ ಗೋಡೆಗಿಂತ ಆ ಮಾತೇ ದೊಡ್ಡದಾಗಿ ಕಂಡು, ಹೌದೇನಪ್ಪ, ಯಾಕೆ, ಹೇಗೆ ಎಂದೆಲ್ಲ ಕೆದಕಿದೆ. ಅವನು ಯೋಚಿಸಿ ಹೇಳುತ್ತೇನೆ ಅನ್ನುವ ಹಾಗೆ ತಲೆಯಾಡಿಸಿದ.

ಮಾರನೆಯ ದಿನದಿಂದ ಅವನ ಯುದ್ಧ ಶುರುವಾಯಿತು. ಮೊದಲು ಸೋಪಿನ ನೀರು, ಆಮೇಲೆ ಬ್ಲೀಚಿಂಗ್ ಪೌಡರು. ಬ್ಲೀಚಿಂಗ್ ವಾಸನೆಗೆ ಇಬ್ಬರ ಕಣ್ಣೂ ಉರಿದು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಬೇಕಾಯಿತು. ಬೂಷ್ಟು ಹೋಗಿ ಮತ್ತೆ ಬಂತು. ಬೇವಿನ ಸೊಪ್ಪಿನ ಹೊಗೆ ಹಾಕಿದ. ಹೊಗೆಯ ವಾಸನೆಯೊಂದು ಹೆಚ್ಚಿಗೆ ಸೇರಿತು, ಬೂಷ್ಟು ಕದಲಲಿಲ್ಲ. ಮಳೆಯ ನೀರು ಇಳಿಯುತ್ತಿರಬಹುದೆಂದು ಹೆಂಚು ಸರಿಮಾಡಿಸಿದ, ಮನೆಯ ಹಿಂದಿನ ಪೊದೆ ಸವರಿ ಚರಂಡಿ ತೋಡಿದ, ಗೋಡೆಗೆ ಇರಚಲು ಹೊಡೆಯದ ಹಾಗೆ ಸೂರಿಗೆ ಎರಡು ಶೀಟು ಮುಂಚಾಚಿ ಕಟ್ಟಿದ. ಹೊರಗಿನ ಗೋಡೆ ಒಣಗಿತು. ಒಳಗಿನದು ಬೆವರುತ್ತಲೇ ಇತ್ತು.

ಬೆಳಗೋಡಿನ ರೈತರೊಬ್ಬರು ಮೆಣಸಿನ ಬಳ್ಳಿಗೆ ಹೊಡೆಯಲೆಂದು ಮೈಲುತುತ್ತ ಮತ್ತು ಸುಣ್ಣ ಕಲಸುತ್ತಿದ್ದುದನ್ನು ಒಮ್ಮೆ ನನ್ನ ಸ್ಕೂಟರಿನ ಹಿಂದೆ ಕೂತು ಬಂದಿದ್ದ ಅಪ್ಪ ನೋಡಿದ. ಬಳ್ಳಿಯ ಬೂಷ್ಟಿಗೆ ಆಗುವುದು ಗೋಡೆಯ ಬೂಷ್ಟಿಗೆ ಯಾಕಾಗಬಾರದು ಎಂದು ಅವನ ಲೆಕ್ಕ. ಒಂದು ಡಬ್ಬಿ ಕೇಳಿ ತಂದು ಬಳಿದೇಬಿಟ್ಟ. ನಾನು ಸಂಜೆ ಬಂದಾಗ ಗೋಡೆ ನವಿಲಿನ ಕತ್ತಿನ ಬಣ್ಣ, ಅಪ್ಪನ ಪಂಚೆ, ಕೈ, ಒಂದು ಕಡೆಯ ಮೀಸೆಯೂ ಅದೇ ಬಣ್ಣ. ಗಿರಿಜಮ್ಮ ನೋಡಲು ಬಂದವರು ಸಿಟ್ಟು ಮಾಡಿಕೊಳ್ಳಬೇಕೆಂದೇ ಬಾಯಿ ತೆರೆದರು. ಆದರೆ ಆ ಮೀಸೆ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಹಾಗೇ ವಾಪಸು ಹೋದರು. ಗೋಡೆಯ ಆಚೆಯಿಂದ ಬಹಳ ಹೊತ್ತು ಅವರ ನಗು ಕೇಳುತ್ತಿತ್ತು. ಅಪ್ಪನೂ ಕನ್ನಡಿ ನೋಡಿಕೊಂಡು ನಕ್ಕ.

ಮೈಲುತುತ್ತಕ್ಕೆ ಬೂಷ್ಟು ಕೆಲವು ದಿನ ಹೆದರಿತು. ಆಮೇಲೆ ನೀಲಿ ಬಣ್ಣವನ್ನೇ ಹೊತ್ತುಕೊಂಡು ಗೋಡೆ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು.

ಈ ನಡುವೆ ನನಗೆ ಕೆಮ್ಮು ಹಿಡಿಯಿತು. ಮೊದಮೊದಲು ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡೆ. ಹಗಲಿಡೀ ಹಳ್ಳಿ ಸುತ್ತುವಾಗ ಚೆನ್ನಾಗಿಯೇ ಇರುತ್ತಿದ್ದೆ. ಬೆಳಿಗ್ಗೆ ಏಳುವಾಗ ಮಾತ್ರ ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ ಸದ್ದು. ಒಂದು ದಿನ ಕೊಟ್ಟಿಗೆಯಲ್ಲಿ ಹಸುವಿನ ಗೊರಸು ಹಿಡಿದು ಬಗ್ಗಿದವಳಿಗೆ ಉಸಿರು ತೆಗೆದುಕೊಳ್ಳಲಾಗದೆ ಕಂಬ ಹಿಡಿದು ಕೂತುಬಿಟ್ಟೆ. ಆ ಮನೆಯವರೇ ಸಕಲೇಶಪುರದ ಒಬ್ಬ ಡಾಕ್ಟರ ಹತ್ತಿರ ಕರಕೊಂಡು ಹೋದರು. ಡಾಕ್ಟರು ಎದೆ ಪರೀಕ್ಷಿಸಿ, ಮನೆಯ ವಿಷಯ ಕೇಳಿದರು. ಇನ್‌ಹೇಲರಿನಲ್ಲಿ ಹೀರಿಕೊಳ್ಳುವ ಔಷಧಿ ಬರೆದುಕೊಟ್ಟು, ಇದು ತಾತ್ಕಾಲಿಕ, ಆ ಮನೆ ಬಿಡಿ, ಇಲ್ಲವಾದರೆ ಇದು ನಿಮ್ಮನ್ನು ಬಿಡುವುದಿಲ್ಲ ಎಂದರು.

ಬಿಟ್ಟು ಹೋಗುವುದೆಲ್ಲಿಗೆ? ಮಳೆಗಾಲದ ನಡುವೆ ಬಾಳ್ಳುಪೇಟೆಯಲ್ಲಿ ಬೇರೆ ಮನೆ ಸಿಗಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಆಲೂರಿನಲ್ಲಿ ಒಂಟಿ ಕೋಣೆಯಲ್ಲಿದ್ದಳು, ಬಂದಿರು ಎಂದಳು. ಅಲ್ಲಿ ಇಬ್ಬರು ಹೆಂಗಸರು ಹೇಗೋ ಇರಬಹುದಿತ್ತು. ಅಪ್ಪನಿಗೆ ಜಾಗವಿರಲಿಲ್ಲ. ನಾನು ಈ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡಿದೆ. ಆದರೆ ಚೀಟಿ ಹಿಡಿದು ಔಷಧಿ ತರಲು ಹೋಗಿದ್ದ ಅಪ್ಪ ಡಾಕ್ಟರನ್ನೇ ಕೇಳಿ ಬಂದಿದ್ದ, ಆಲೂರಿನವಳು ಕರೆದದ್ದೂ ಅವನ ಕಿವಿಗೆ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ತನ್ನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಾನೆ.

"ನೀನು ಇಲ್ಲಿ ಉಸಿರು ಕಟ್ಕಂಡು ಇರದು ಬ್ಯಾಡ. ಆ ಹುಡುಗಿ ಜತೆ ಹೋಗಿರು. ನಾನು ಊರಿಗೆ ಹೋಗ್ತೀನಿ," ಎಂದ.

"ಊರಲ್ಲಿ ಯಾರಿದ್ದಾರಪ್ಪ?"

ಅವನು ಒಂದು ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದ. "ಮನೆ ಐತಲ್ಲ," ಎಂದ.

ನನಗೆ ಅವನ ಕಟ್ಟೆ ಕಣ್ಣಿಗೆ ಬಂತು. ಬಿಸಿಲು ಕಾಲಿಗೆ ಬರುವ ತನಕ ಹೊರಗೆ, ಬಂದ ಮೇಲೆ ಒಳಗೆ. ಇಲ್ಲಿ, ಈ ದರಿದ್ರ ಗೋಡೆಯ ಮುಂದೆ, ಅವನು ಮಾತಾಡಿದ್ದ, ಚರಂಡಿ ತೋಡಿದ್ದ, ಕನ್ನಡಿ ನೋಡಿ ನಕ್ಕಿದ್ದ. ಈಗ ಕಳಿಸಿದರೆ ಇವನು ಮತ್ತೆ ನನಗೆ ಸಿಗುವುದಿಲ್ಲ ಅನ್ನಿಸಿತು. ಅದನ್ನು ಅವನಿಗೆ ಹೇಳುವುದು ಹೇಗೆಂದು ಗೊತ್ತಾಗದೆ, ಮಳೆ ಹೊಳವಾಗುವ ತನಕ ತಡಿ, ಘಾಟಿಯ ಕಡೆಯಿಂದ ಬರುವ ಬಸ್ಸೆಲ್ಲ ತಡವಂತೆ ಎಂದು ಏನೋ ನೆವ ಹೇಳಿದೆ. ನಮ್ಮ ಊರಿಗೆ ಹೋಗಲು ಘಾಟಿಯ ಬಸ್ಸೇ ಬೇಕಿರಲಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು. ಚೀಲ ಮೂಲೆಗಿಟ್ಟ.

ಶ್ರಾವಣದಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟಿತು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಪ್ಪ ಮತ್ತು ನಾನು ಹಿಂದಿನ ಅಂಗಳದಲ್ಲಿ ಬಿಸಿಲು ಕಾಯುತ್ತ ಕೂತಿದ್ದೆವು. ಪಕ್ಕದ ಬೀದಿಯ ಎರಡು ಮೂರು ದನಗಳು ಎಂದಿನ ಹಾಗೆ ನಮ್ಮ ಗೋಡೆಯ ಸೂರಿನ ಕೆಳಗೆ ಬಂದು ನಿಂತು, ಗೋಡೆಯನ್ನು ನೆಕ್ಕತೊಡಗಿದವು. ಅವುಗಳ ನಾಲಿಗೆಯ ಕರಕರ ಸದ್ದು ನನ್ನ ಮಂಚಕ್ಕೂ ಕೇಳುತ್ತಿತ್ತು, ಅದೇನು ಹೊಸದಲ್ಲ. ದನಗಳಿಗೆ ಮೈಯಲ್ಲಿ ಲವಣ ಕಡಿಮೆಯಾದರೆ ಗೋಡೆ ನೆಕ್ಕುತ್ತವೆ, ಇವುಗಳ ಮಾಲೀಕನಿಗೆ ಖನಿಜದ ಪುಡಿ ಕೊಡಲು ಹೇಳಿದ್ದೇನೆ, ಅವನು ಕೊಡುತ್ತಿಲ್ಲ ಎಂದು ನಾನು ಅಪ್ಪನಿಗೆ ಹೇಳಿದೆ.

ಅಪ್ಪ ಸುಮ್ಮನೆ ನೋಡುತ್ತಿದ್ದವನು, ಹಂಗಾದರೆ ಅಡುಗೆಮನೆ ಗೋಡೆಯನ್ನು ಯಾಕೆ ನೆಕ್ಕುವುದಿಲ್ಲ ಎಂದ.

ನಾನು ತಿರುಗಿ ನೋಡಿದೆ. ನಿಜ, ಅಡುಗೆಮನೆಯ ಗೋಡೆಯೂ ಅಲ್ಲೇ ಇತ್ತು, ಅದೇ ಸೂರು, ಅದೇ ನೆರಳು. ದನಗಳು ಅದರ ಮುಂದೆ ಹಾದು ಬಂದು ಇದನ್ನೇ ನೆಕ್ಕುತ್ತಿದ್ದವು. ನಾವಿಬ್ಬರೂ ಒಟ್ಟಿಗೇ ಎದ್ದೆವು. ನಾನು ದನಗಳನ್ನು ಸರಿಸಿದೆ. ಅಪ್ಪ ಗೋಡೆಯನ್ನು ಕೈಯಲ್ಲಿ ಸವರಿ, ಬೆರಳು ಮೂಸಿ, ಒಳಗೆ ಹೋದ. ನಾನೂ ಹಿಂದೆ ಹೋದೆ. ಮಂಚ ಎಳೆದು, ನೀಲಿ ಚಕ್ಕೆ ಎದ್ದ ಜಾಗದಲ್ಲಿ ಕಾಣುತ್ತಿದ್ದ ಬಿಳಿ ಹುಡಿಯನ್ನು ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಟುಕೊಂಡ. ನಾನು ತಡೆಯುವಷ್ಟರಲ್ಲಿ ಅದು ಆಗಿಹೋಗಿತ್ತು.

"ಉಪ್ಪು," ಎಂದ.

ಅದೇ ಹೊತ್ತಿಗೆ ಗಿರಿಜಮ್ಮ ನನಗೆಂದು ಮೆಣಸಿನ ಕಷಾಯ ಹಿಡಿದುಕೊಂಡು ಬಂದಿದ್ದರು. ಕಾಯಿಲೆ ಬಿದ್ದ ಮೇಲೆ ದಿನವೂ ತರುತ್ತಿದ್ದರು. ಗೋಡೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅಪ್ಪ ಗೋಡೆಯ ಹುಡಿ ನೆಕ್ಕುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತರು. ಅಪ್ಪ ಅವರನ್ನು ನೋಡಿ, ತಾಯಿ, ಈ ಗೋಡೆಗೆ ಉಪ್ಪು ಎಲ್ಲಿಂದ ಬಂತು ಎಂದು ಕೇಳಿದ. ಅವರು ಲೋಟವನ್ನು ಕಿಟಕಿಯ ಮೇಲಿಟ್ಟು, ಏನೋ ಮರೆತದ್ದನ್ನು ನೆನೆಸಿಕೊಳ್ಳುವವರ ಹಾಗೆ ಕೋಣೆಯನ್ನು ಸುತ್ತ ನೋಡಿದರು.

"ಇದು ಉಪ್ಪಿನ ಕೋಣೆ ಆಗಿತ್ತು ಕಣ್ರೀ," ಎಂದರು.

ಅವರು ಹೇಳಿದ್ದು ಹೀಗೆ. ಅವರ ಮಾವನ ಕಾಲದಲ್ಲಿ ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರುವ ಲಾರಿಗಳು ಉಪ್ಪಿನ ಮೂಟೆಗಳನ್ನು ಇಲ್ಲೇ ಇಳಿಸುತ್ತಿದ್ದವಂತೆ. ಸುತ್ತಲಿನ ಎಸ್ಟೇಟಿನವರು ಲೈನ್ ಮನೆಗಳ ಆಳುಗಳಿಗೂ ದನಗಳಿಗೂ ಇಲ್ಲಿಂದಲೇ ಒಯ್ಯುತ್ತಿದ್ದರು. ವರ್ಷಾನುಗಟ್ಟಲೆ ಈ ಗೋಡೆಗೆ ಒರಗಿಸಿ ಹೆಂಚಿನ ತನಕ ಮೂಟೆ ಪೇರಿಸಿದ್ದರು. ಮಳೆಗಾಲದಲ್ಲಿ ಮೂಟೆ ನೀರೊಡೆದು ನೆಲವೆಲ್ಲ ಜವುಗು. ಮಾವ ಹೋದ ಮೇಲೆ ಆ ವ್ಯಾಪಾರ ನಿಂತು, ಗಂಡ ಕೋಣೆಗೆ ಸಿಮೆಂಟಿನ ಗಾರೆ ಮಾಡಿಸಿ, ಬಣ್ಣ ಹೊಡೆಸಿ, ಬಾಡಿಗೆಗೆ ಕೊಟ್ಟಿದ್ದರು. ಅದೆಲ್ಲ ಕಣ್ಣೆದುರಿಗೇ ಇದ್ದರೂ ಗೋಡೆಯ ಥಂಡಿಗೂ ಅದಕ್ಕೂ ಸಂಬಂಧವಿದ್ದೀತೆಂದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೇಳುತ್ತ ಹೇಳುತ್ತ ಅವರು ನನ್ನ ಮಂಚದ ಅಂಚಿಗೆ ಕೂತರು. ಮದುವೆಯಾಗಿ ಬಂದಾಗ ಹದಿನೇಳು ವರ್ಷವಂತೆ. ತುಂಬಿದ ಮನೆ, ಒಂಟಿಯಾಗಿ ಕೂರಲು ಒಂದು ಮೂಲೆಯಿಲ್ಲ. ಉಪ್ಪು ತಾ ಎಂದು ಯಾರಾದರೂ ಹೇಳಿದರೆ ಸಾಕು, ಇಲ್ಲಿಗೆ ಓಡಿಬಂದು ಮೂಟೆಯ ಮೇಲೆ ಕೂತು ತವರನ್ನು ನೆನೆಸಿಕೊಂಡು ಅತ್ತು, ಮುಖ ಒರೆಸಿಕೊಂಡು ಹೋಗುತ್ತಿದ್ದರಂತೆ.

"ಆವಾಗ ಈ ಕೋಣೆ ಅಂದ್ರೆ ನಂಗೆ ಪ್ರಾಣ," ಎಂದರು. ಗೋಡೆ ನೋಡುತ್ತ ಕೇಳಿದರು: "ಹಂಗಾದ್ರೆ ಮನೆ ಮೇಲೆ ದೋಷ ಇಲ್ಲ ಅನ್ನಿ?"

"ದೋಷ ಎಂಥದೂ ಇಲ್ಲ ತಾಯಿ. ಬರೀ ಉಪ್ಪು," ಎಂದ ಅಪ್ಪ.

ಗಿರಿಜಮ್ಮ ಕಣ್ಣೊರೆಸಿಕೊಂಡರು. ಬಂದವರೆಲ್ಲ ಬೆನ್ನು ತಿರುಗಿಸಿ ಹೋಗುವಾಗ, ತಮ್ಮ ಮನೆಯಲ್ಲಿ ಏನೋ ಕೆಟ್ಟದ್ದಿದೆ ಎಂದು ಊರು ಆಡಿಕೊಳ್ಳುವಾಗ, ಆ ಹೆಂಗಸು ಒಬ್ಬರೇ ಅದನ್ನು ಎಷ್ಟು ವರ್ಷ ಹೊತ್ತಿದ್ದರೋ.

ಕಾರಣ ಸಿಕ್ಕಿದ ಮಾತ್ರಕ್ಕೆ ಗೋಡೆ ಒಣಗಲಿಲ್ಲ. ಉಪ್ಪು ಗಾಳಿಯ ನೀರನ್ನೇ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ನೀರಿಗೇನು ಬರ. ಸಿಮೆಂಟು, ಎಣ್ಣೆಬಣ್ಣ ಸೇರಿ ಅದನ್ನು ಆರಲು ಬಿಡದೆ ಮುಚ್ಚಿಟ್ಟಿದ್ದವು. ಗಾರೆ ಕೆಲಸದವರನ್ನು ಕೇಳಿದರೆ, ಗಾರೆ ಕಿತ್ತು ಗೋಡೆಯನ್ನು ಬೆತ್ತಲೆ ಬಿಡಬೇಕು, ಆದರೆ ದೀಪಾವಳಿಯ ತನಕ ಮುಟ್ಟುವ ಹಾಗಿಲ್ಲ ಎಂದರು. ಅಲ್ಲಿಯ ತನಕ ನಾನು ಎಲ್ಲಿರುವುದು ಎನ್ನುವ ಪ್ರಶ್ನೆ ಹಾಗೇ ಉಳಿಯಿತು. ಅಪ್ಪನ ಚೀಲವೂ ಮೂಲೆಯಲ್ಲಿ ಹಾಗೇ ಇತ್ತು.

ಅದನ್ನು ತೀರ್ಮಾನಿಸಿದವರು ಗಿರಿಜಮ್ಮ. ನಮ್ಮ ಮುಂದಿನ ಕೋಣೆಗೂ ಅವರ ನಡುಮನೆಗೂ ನಡುವೆ ಒಂದು ಬಾಗಿಲಿತ್ತು. ಬಾಡಿಗೆಗೆ ಕೊಡಲು ಶುರುಮಾಡಿದಾಗ ಅದಕ್ಕೆ ಮೊಳೆ ಹೊಡೆದು, ಆಚೆಯಿಂದ ಅಕ್ಕಿಯ ಕಣಜ ಅಡ್ಡ ಇಟ್ಟಿದ್ದರು. ಒಂದು ಬೆಳಿಗ್ಗೆ ಅಂಗಡಿಯ ಆಳನ್ನು ಕರೆದು ಕಣಜ ಸರಿಸಿಸಿದರು, ಅಪ್ಪನ ಕೈಗೆ ಸುತ್ತಿಗೆ ಕೊಟ್ಟರು. ಮೊಳೆಗಳು ತುಕ್ಕು ಹಿಡಿದು ಬರಲೊಲ್ಲವು. ಅಪ್ಪ ಈಚೆಯಿಂದ ಗುದ್ದಿದ, ಗಿರಿಜಮ್ಮ ಆಚೆಯಿಂದ ಎಳೆದರು. ಬಾಗಿಲು ತೆರೆದಾಗ ಅವರ ಒಲೆಯ ಬಿಸಿ ಒಮ್ಮೆಲೇ ನಮ್ಮ ಮನೆಗೆ ನುಗ್ಗಿತು.

ಅವತ್ತಿನಿಂದ ನಾನು ಮಲಗಿದ್ದು ಗಿರಿಜಮ್ಮನ ಮನೆಯಲ್ಲಿ, ಅಡುಗೆಮನೆಗೆ ಅಂಟಿದ ಬೆಚ್ಚನೆಯ ಕೋಣೆಯಲ್ಲಿ. ಅಪ್ಪ ನಮ್ಮ ಮುಂದಿನ ಕೋಣೆಯಲ್ಲಿ. ಹಿಂದಿನ ಕೋಣೆ ಪೂರ್ತಿ ಗೋಡೆಗೆ. ಉಪ್ಪಿನ ಕೋಣೆಯ ಬಾಗಿಲು ಹಾಕಿ ಸಂದಿಗೆ ಬಟ್ಟೆ ತುರುಕಿದ ಮೇಲೆ ನನ್ನ ಎದೆಯ ಸೀಟಿ ಮೆಲ್ಲಗೆ ಕಡಿಮೆಯಾಯಿತು. ಗಣೇಶನ ಹಬ್ಬದ ಹೊತ್ತಿಗೆ ಹೀರುವ ಔಷಧಿಯನ್ನು ಎಲ್ಲಿಟ್ಟಿದ್ದೇನೆಂದು ಹುಡುಕಬೇಕಾಯಿತು. ಮೂವರಿಗೂ ಒಂದೇ ಒಲೆ. ನಮ್ಮ ಜೋಳದ ರೊಟ್ಟಿ ಅವರಿಗೆ ಹಲ್ಲಿನ ಕೆಲಸವೆನಿಸಿತು, ಅವರ ಅಕ್ಕಿ ರೊಟ್ಟಿ ಅಪ್ಪನಿಗೆ ಮಕ್ಕಳ ತಿಂಡಿ ಅನ್ನಿಸಿತು. ಇಬ್ಬರೂ ದೂರುತ್ತಲೇ ಎರಡನ್ನೂ ತಿಂದರು. ಅಪ್ಪನ ಚೀಲ ಯಾವಾಗ ಖಾಲಿಯಾಯಿತೋ ನಾನು ನೋಡಲಿಲ್ಲ. ಒಂದು ದಿನ ಅದು ಅಂಗಡಿಯಲ್ಲಿ ಬೆಲ್ಲದ ಅಚ್ಚು ತುಂಬಿಕೊಂಡು ನಿಂತಿತ್ತು.

ದೀಪಾವಳಿ ಕಳೆದು, ಬಿಸಿಲು ಗಟ್ಟಿಯಾಗಿ, ಸುತ್ತಲಿನ ತೋಟಗಳಲ್ಲಿ ಕಾಫಿ ಹಣ್ಣಾಗತೊಡಗಿದಾಗ ಗಾರೆ ಕಿತ್ತೆವು. ಸಿಮೆಂಟಿನ ಒಳಗೆ ಹಳೆಯ ಇಟ್ಟಿಗೆ, ಕಲ್ಲು, ಸಂದಿಗೆಲ್ಲ ಮಣ್ಣು. ಒಂದು ವಾರ ಗಾಳಿಯಾಡಿದ ಮೇಲೆ ಅದರ ಮೈಮೇಲೆ ಬೆಳ್ಳಗೆ ಉಪ್ಪು ಅರಳಿತು. ಗುಡಿಸಿದರೆ ಮೊರದ ತುಂಬ ಬರುತ್ತಿತ್ತು. ಅಪ್ಪನಿಗೆ ಆಗ ತನ್ನ ಸೀಮೆಯ ಚೌಳು ನೆಲದ ಮನೆಗಳು ನೆನಪಾದವು. ಅಲ್ಲಿ ಹೆಂಗಸರು ಗೋಡೆಗೆ ಹಸಿಮಣ್ಣು ಮೆತ್ತಿ, ಒಣಗಿದ ಮೇಲೆ ಕಿತ್ತೆಸೆಯುತ್ತಾರೆ. ಮಣ್ಣಿನ ಜೊತೆ ಉಪ್ಪೂ ಬರುತ್ತದೆ. ನಾನು ಯಾರದೋ ಎಮ್ಮೆಯನ್ನು ನೋಡಲು ಹೋದವಳು ಅವರ ಗದ್ದೆಯಿಂದ ಮೂಟೆಗಟ್ಟಲೆ ಜೇಡಿಮಣ್ಣು ತಂದೆ. ಅಪ್ಪ ತುಳಿದು ಹದ ಮಾಡಿದ. ಗಿರಿಜಮ್ಮ ಸೀರೆ ಎತ್ತಿ ಕಟ್ಟಿ, ಬಳೆ ಮೇಲಕ್ಕೆ ಸರಿಸಿ ತಾವೇ ಮೆತ್ತಲು ನಿಂತರು. ಮೆತ್ತುವುದು, ಒಣಗಿಸುವುದು, ಕೀಳುವುದು, ಮತ್ತೆ ಮೆತ್ತುವುದು. ಪ್ರತಿ ಸಲ ಕಿತ್ತಾಗ ಅಪ್ಪ ಒಂದು ಚೂರು ನಾಲಿಗೆಗಿಟ್ಟು ರುಚಿ ಹೇಳುತ್ತಿದ್ದ.

ಹೀಗೆ ಮೆತ್ತುತ್ತಿದ್ದ ಒಂದು ಮಧ್ಯಾಹ್ನ ಅಪ್ಪ ಗೋಡೆಯನ್ನು ನೋಡುತ್ತಲೇ ಗಿರಿಜಮ್ಮನಿಗೆ ಹೇಳಿದ: "ನಮ್ಮ ಸಾವಿತ್ರಿ ಇದ್ದಿದ್ರೆ ಇಷ್ಟು ದಪ್ಪ ಮೆತ್ತಕ್ಕೆ ಬಿಡ್ತಿರಲಿಲ್ಲ. ಅವಳ ಕೈ ಬಲು ತೆಳು."

ನಾನು ಬಾಗಿಲಲ್ಲಿ ಮಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ. ಅವ್ವನ ಹೆಸರು ಅವನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ಗಿರಿಜಮ್ಮ ಕೈ ನಿಲ್ಲಿಸದೆ, ಹೌದಾ, ಮತ್ತೆ ಹೇಗೆ ಮೆತ್ತುತ್ತಿದ್ದರು ತೋರಿಸಿ ಎಂದರು. ಅಪ್ಪ ತೋರಿಸಿದ. ಅವ್ವ ಹೇಗೆ ಬೆರಳು ಬಾಗಿಸುತ್ತಿದ್ದಳು, ಮೂಲೆಗೆ ಬಂದಾಗ ಹೇಗೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು, ಯಾರಾದರೂ ಮುಟ್ಟಿದರೆ ಹೇಗೆ ಗದರುತ್ತಿದ್ದಳು ಎಂದು ಹೇಳುತ್ತ ಹೋದ. ನಾನು ಬುಟ್ಟಿ ಇಳಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ಕಿತ್ತ ಮಣ್ಣು ಸಪ್ಪೆಯಾದ ಮೇಲೆ ಗೋಡೆಗೆ ಸುಣ್ಣದ ಗಾರೆ ಮಾಡಿಸಿ, ಅವ್ವನ ವರ್ಷದ ಕಾರ್ಯಕ್ಕೆ ಅಪ್ಪ, ನಾನು ಇಬ್ಬರೂ ಊರಿಗೆ ಹೋದೆವು. ನಾನು ಹೆದರುತ್ತಲೇ ಹೋಗಿದ್ದೆ. ಕಾರ್ಯ ಮುಗಿದ ಮಾರನೆಯ ದಿನ ಅಪ್ಪ ಮನೆಯೆಲ್ಲ ಗುಡಿಸಿ, ಬೀದಿಯ ಹೊಸ ಮೇಷ್ಟರೊಬ್ಬರು ಕೇಳಿದ್ದರೆಂದು ಅವರಿಗೆ ವಾಸಕ್ಕೆ ಕೊಟ್ಟು, ಸುಣ್ಣದ ಗಾರೆ ಒಣಗುವ ಮೊದಲು ನಾವಲ್ಲಿರಬೇಕು ಎಂದು ನನ್ನನ್ನೇ ಅವಸರ ಮಾಡಿದ.

ಮುಂದಿನ ಮಳೆಗಾಲದಲ್ಲಿ ನಾವು ಮೂವರೂ ಆ ಗೋಡೆಯನ್ನು ಬಸುರಿಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡೆವು. ಜೂನ್ ಕಳೆಯಿತು, ಬೆವರಲಿಲ್ಲ. ಜುಲೈಯಲ್ಲಿ ಕೆಳಗಿನ ಮೂಲೆಯಲ್ಲಿ ರೊಟ್ಟಿಯಗಲ ಕಪ್ಪು ಮೂಡಿತು. ನಾನು ಅಪ್ಪನನ್ನು ಕೂಗಿದೆ. ಅಪ್ಪ ಬಗ್ಗಿ ನೋಡಿ, ಒರೆಸಿ, ಸುಣ್ಣ ಬಳಿದ. ಅದು ಆಗಾಗ ಬರುತ್ತಿತ್ತು, ಅವನು ಆಗಾಗ ಒರೆಸುತ್ತಿದ್ದ. ಅದಕ್ಕಿಂತ ಮೇಲೆ ಏರಲಿಲ್ಲ. ನಾನು ಮತ್ತೆ ಅದೇ ಕೋಣೆಯಲ್ಲಿ ಮಲಗಿದೆ, ಕೆಮ್ಮಲಿಲ್ಲ. ಆದರೂ ನಡುವಿನ ಬಾಗಿಲಿಗೆ ಮತ್ತೆ ಮೊಳೆ ಹೊಡೆಯುವ ಮಾತು ಯಾರೂ ಎತ್ತಲಿಲ್ಲ.

ಹೋದ ವರ್ಷ ನನಗೆ ಹಾಸನಕ್ಕೆ ವರ್ಗವಾಯಿತು. ಇಬ್ಬರಿಗೆ ಸಾಕಾಗುವ ಮನೆ ಗೊತ್ತುಮಾಡಿ, ಪಾತ್ರೆ ಕಟ್ಟಲು ಕೂತೆ. ಅಪ್ಪನೂ ಬಂದು ಕೂತು, ನನ್ನ ತಟ್ಟೆ, ನನ್ನ ಲೋಟ, ನನ್ನ ಚೊಂಬು ಎಂದು ನನ್ನವನ್ನಷ್ಟೇ ಆರಿಸಿ ಪೇಪರಿನಲ್ಲಿ ಸುತ್ತುತ್ತಿದ್ದ. ನಿನ್ನವೆಲ್ಲಿ ಎಂದು ಕೇಳಿದೆ. ಅವನು ಮುಖ ನೋಡದೆ, ಗಿರಿಜಮ್ಮನಿಗೆ ಈಗೀಗ ಮಂಡಿನೋವು, ಬೆಳಗಿನ ಹೊತ್ತು ಅಂಗಡಿಯಲ್ಲಿ ಕೂರುತ್ತೇನೆಂದು ಒಪ್ಪಿಕೊಂಡಿದ್ದೇನೆ, ಆ ಗೋಡೆಯನ್ನೂ ಮಳೆಗಾಲದಲ್ಲಿ ಹಾಗೇ ಬಿಟ್ಟು ಬರುವಂತಿಲ್ಲ ಎಂದ. ಬಾಗಿಲಲ್ಲಿ ನಿಂತಿದ್ದ ಗಿರಿಜಮ್ಮ, ಬಾಡಿಗೆದಾರರು ಅಂದರೆ ಹೀಗಿರಬೇಕು ನೋಡಿ ಡಾಕ್ಟ್ರಮ್ಮ ಎಂದು ನನ್ನ ಕೈಗೆ ಉಪ್ಪಿನಕಾಯಿಯ ಜಾಡಿ ಕೊಟ್ಟರು.

ಬಸ್ಸು ಹತ್ತಿಸಲು ಅಪ್ಪ ಹೆದ್ದಾರಿಯ ತನಕ ಬಂದ. ಸಾಮಾನು ಮೇಲೇರಿಸಿ, ನನ್ನ ಕಿಟಕಿಯ ಕೆಳಗೆ ನಿಂತ. ಏನಾದರೂ ಹೇಳುತ್ತಾನೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಹನಿ ಬಿದ್ದವು. ಅವನು ತಲೆಯೆತ್ತಿ ಆಕಾಶ ನೋಡಿದ.

"ಮಳೆ ಬಂತು ಕಣವ್ವ. ಹಿಂದ್ಲ ಕ್ವಾಣೆ ಕಿಟಕಿ ಹಾಕ್ಬೇಕು," ಎಂದವನು, ಬಸ್ಸು ಹೊರಡುವುದಕ್ಕೂ ಕಾಯದೆ, ಟವೆಲು ತಲೆಗೆ ಹಾಕಿಕೊಂಡು ಮನೆಯ ಕಡೆ ಬಿರಬಿರನೆ ನಡೆದ.